ಡಾಕ್ಟರರ ಕಾಗದದಲ್ಲಿ ನಾನು ಓದದೆ ಬಿಟ್ಟ ಸಾಲು

ಮಗ್ಗ ನಿಲ್ಲುವ ಸದ್ದು. ನಿಂತದ್ದಕ್ಕೆ ಎಲ್ಲಿಯ ಸದ್ದು ಎಂದು ನೀವು ಕೇಳಬಹುದು. ಲಾಳಿ ಓಡುವಷ್ಟು ಹೊತ್ತೂ ನೇಕಾರರ ಮನೆಯ ಮಕ್ಕಳಿಗೆ ಏನೂ ಕೇಳಿಸುವುದಿಲ್ಲ; ನಿಂತಾಗಲೇ ಕೇಳಿಸುವುದು. ಪೆರಿಯನಾಯಕನಪಾಳ್ಯಂನ ನಮ್ಮ ಮನೆಯ ನಡುಕೋಣೆಯಲ್ಲಿ ತಾತನ ಕುಣಿಮಗ್ಗವಿತ್ತು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಟಕ್‌ಟಕ್, ಟಕ್‌ಟಕ್, ಆಮೇಲೆ ಏನೂ ಇಲ್ಲ. ಕುಣಿಯ ಅಂಚಿಗೆ ಅಂಗೈ ಊರಿ ಮೇಲೇಳುತ್ತ ತಾತ ಅನ್ನುವ "ಅಮ್ಮಾ ತಾಯೇ". ಹಿತ್ತಲಿಗೆ ಹೋದ ಹೆಜ್ಜೆಗಳು ಬಹಳ ಹೊತ್ತು ಹಿಂದಿರುಗುತ್ತಿರಲಿಲ್ಲ. ಮೊದಲೆಲ್ಲ ಒಂದು ಗೇಣು ಬಟ್ಟೆ ನೇಯುವವರೆಗೆ ಕೂರುತ್ತಿದ್ದವರು ಆ ವರ್ಷ ನಾಲ್ಕು ಬೆರಳು ನೇಯುವಷ್ಟರಲ್ಲಿ ಏಳುತ್ತಿದ್ದರು.

ಮೂವತ್ತರ ದಶಕದ ನಡುವಿನ ಮಾತು. ನನಗೆ ಹದಿಮೂರು. ಅಪ್ಪ ಗಿರಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರಿಂದ, ಮನೆಯಲ್ಲಿ ಒಬ್ಬರಾದರೂ ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಕೊಯಮತ್ತೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದರು. ಶನಿವಾರ ಬಸ್ಸಿನಲ್ಲಿ ಮನೆಗೆ ಬಂದರೆ ಭಾನುವಾರ ಸಂಜೆಗೆ ವಾಪಸು. ಉಳಿದ ದಿನಗಳಲ್ಲಿ ತಾತ ದೊಡ್ಡಪ್ಪನ ಮಗಳ ಪಾಲು.

ಅವಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಶಾಲೆಯ ಹೊಸಿಲು ತುಳಿದವಳಲ್ಲ. ಮಗ್ಗದ ಪಕ್ಕ ರಾಟೆ ಹಾಕಿಕೊಂಡು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತಾತ ಯಾವಾಗ ಏಳುತ್ತಾರೆಂದು ಅವರಿಗಿಂತ ಮೊದಲೇ ಅವಳಿಗೆ ಗೊತ್ತಾಗಿ ಕೈ ಕೊಡಲು ನಿಂತಿರುತ್ತಿದ್ದಳು. ಮೆಟ್ಟುಪಾಳ್ಯಂನ ವೈದ್ಯರು ಹೇಳಿದ ನೆಗ್ಗಿಲುಮುಳ್ಳಿನ ಕಷಾಯ ಕಾಯಿಸುವವಳೂ ಅವಳೇ, ಅಗಲ ಬಾಯಿಯ ಹಂಡೆಯಲ್ಲಿ ಬಿಸಿನೀರು ತುಂಬಿ ತಾತನನ್ನು ಸೊಂಟದ ಮಟ್ಟ ಕೂರಿಸುವವಳೂ ಅವಳೇ. ತಾತ ಅವಳನ್ನು "ಕಣ್ಣು" ಎಂದು ಕರೆಯುತ್ತಿದ್ದರು. ನಮ್ಮ ಕಡೆ ಮುದ್ದಿನ ಮಕ್ಕಳನ್ನು ಹಾಗೆ ಕರೆಯುವುದು. ನನ್ನನ್ನು "ದೊರೆಸಾನಿ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಐ ವಾಸ್ ಜೆಲಸ್. ಈ ಮಾತಿಗೆ ಕನ್ನಡದಲ್ಲಿ ಪದವಿಲ್ಲವೆಂದಲ್ಲ; ಕನ್ನಡದಲ್ಲಿ ಹೇಳಲು ಈಗಲೂ ನಾಚಿಕೆ.

ಒಂದು ಗುರುವಾರ ತಾತನಿಗೆ ಮೂತ್ರ ಪೂರ್ತಿ ಕಟ್ಟಿತು. ಕೊಯಮತ್ತೂರಿನ ಆಸ್ಪತ್ರೆಗೆ ಒಯ್ದರು. ಅಲ್ಲಿನ ಬಿಳಿಯ ಡಾಕ್ಟರು ರಬ್ಬರ್ ನಳಿಕೆ ಹಾಕಿ ಮೂತ್ರ ತೆಗೆದು, ಮುಂದೇನು ಮಾಡಬಹುದೆಂದು ಇಂಗ್ಲಿಷಿನಲ್ಲಿ ಎರಡು ಪುಟ ಬರೆದುಕೊಟ್ಟರು. ಕಂಪೌಂಡರು ನಮ್ಮ ಪಕ್ಕದ ಬೀದಿಯವನು, ತಮಿಳಿನಲ್ಲಿ ಓದಿ ಹೇಳಲೇ ಎಂದನಂತೆ. ತಾತ ಕಾಗದ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದರಂತೆ. ನಮ್ಮಲ್ಲಿ ಕನ್ನಡ ಮನೆಯೊಳಗಿನ ಮಾತು, ಬೀದಿಗೆಲ್ಲ ತಮಿಳು. ನಾಚಿಕೆಯ ಸಂಗತಿಯನ್ನು ಕನ್ನಡದಲ್ಲೇ ಆಡಬೇಕು, ಆಗ ಅದು ಹೊಸಿಲು ದಾಟುವುದಿಲ್ಲ.

"ಅವನು ಓದಿದ್ರೆ ಸಾಯಂಕಾಲಕ್ಕೆ ಸಂತೆಗೆಲ್ಲ ಗೊತ್ತಾಯ್ತದೆ," ಎಂದರಂತೆ ತಾತ. "ಶನಿವಾರ ನಮ್ಮ ದೊರೆಸಾನಿ ಬರ್ತಾಳಲ್ಲ, ಅವಳು ಓದ್ಲಿ."

ಅಪ್ಪನಿಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಆದರೆ ಮಗನ ಬಾಯಿಂದ ಅದನ್ನು ಕೇಳಲಾರೆ ಎಂದು ತಾತ ಹೇಳಿಬಿಟ್ಟರು. ನನ್ನನ್ನು ಹೆಣ್ಣುಮಗಳು ಎಂದು ಅವರು ಎಣಿಸಿಯೇ ಇರಲಿಲ್ಲ. ನಾನು ಓದುವ ಯಂತ್ರ. ಆದರೂ ನಾನು ಬೀಗಿದೆ. ಶನಿವಾರ ನಡುಕೋಣೆಯಲ್ಲಿ, ಮಗ್ಗದ ಎದುರಿಗೆ ಬೆನ್ನು ನೆಟ್ಟಗೆ ಮಾಡಿ, ಸಿಸ್ಟರ್ ಕಲಿಸಿದ ಹಾಗೆ ಕಾಗದವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕೂತೆ.

ಡಾಕ್ಟರರ ಹ್ಯಾಂಡ್‌ರೈಟಿಂಗ್ ಕೆಟ್ಟದಾಗಿತ್ತು. ಮೊದಲ ಸಾಲಿನ 'ಪ್ರಾಸ್ಟೇಟ್' ಎಂಬ ಪದವನ್ನು ನಾನು ಕಂಡವಳಲ್ಲ. 'ಪ್ರಾಸ್ಟ್ರೇಟ್' ಗೊತ್ತಿತ್ತು; ಚಾಪೆಲಿನಲ್ಲಿ ಸಿಸ್ಟರ್‌ಗಳು ನೆಲಕ್ಕೆ ಅಡ್ಡಬೀಳುವುದಕ್ಕೆ ಹಾಗೆನ್ನುತ್ತಿದ್ದರು.

"ತಾತಾ, ನಿಮ್ಮ ಅಡ್ಡಬೀಳೋದು ದೊಡ್ಡದಾಗೈತೆ," ಎಂದೆ.

"ಅಡ್ಡಬೀಳೋದಾ? ಕೋವಿಲಿಗೋಗಿ ಅಡ್ಡಬಿದ್ದು ಐದು ವರ್ಷ ಆಯ್ತಲ್ಲೇ!"

ರಾಟೆ ನಿಂತಿತು. ದೊಡ್ಡಪ್ಪನ ಮಗಳು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. "ಅಡ್ಡಬೀಳೋದಲ್ವೇ ದೊರೆಸಾನಿ, ಗಂಟು! ಗಂಡಸರಿಗೆ ವಯಸ್ಸಾದ್ರೆ ಒಳಗೆ ಊದ್ಕೊಳ್ಳೋ ಗಂಟು. ನೆಲ್ಲಿಕಾಯಿ ಇದ್ದದ್ದು ನಿಂಬೆಕಾಯಿ ಆಗೈತೆ ಅಂತ ವೈದ್ಯರು ಅವತ್ತೇ ಹೇಳಿದ್ರಲ್ಲ. ಇಷ್ಟಕ್ಕಾ ನಿಂಗೆ ಕಾನ್ವೆಂಟು?"

ತಾತನೂ ನಕ್ಕರು. ಎರಡು ದಿನದಿಂದ ನಗದವರು, ಹೊಟ್ಟೆ ಹಿಡಿದುಕೊಂಡು, "ಸಾಕು ಕಣ್ಣು, ನಗಿಸಬೇಡ, ನೋಯ್ತದೆ," ಎಂದರು. ಕಣ್ಣು ಎಂದದ್ದು ಅವಳಿಗೆ.

ಮುಂದಿನದನ್ನು ನಾನು ಸರಿಯಾಗಿಯೇ ಅರ್ಥಮಾಡಿಕೊಂಡೆ. ಡಾಕ್ಟರು ಮೂರು ದಾರಿ ಬರೆದಿದ್ದರು. ವೈದ್ಯರ ಕಷಾಯ ಮತ್ತು ಬಿಸಿನೀರು: ಕುಡಿದರೆ, ಕೂತರೆ ಕೇಡಿಲ್ಲ, ಆದರೆ ಗಂಟು ಕರಗುವುದಿಲ್ಲ. ಎರಡನೆಯದು ರಬ್ಬರ್ ನಳಿಕೆ: ಪ್ರತಿಸಲವೂ ಕುದಿಸಿ, ದಿನಕ್ಕೆ ಎರಡು ಮೂರು ಸಲ ತಾನೇ ಹಾಕಿಕೊಳ್ಳುವುದು. ಕೊಳಕಾದರೆ ಚಳಿಜ್ವರ, ಚೊಕ್ಕಟವಾಗಿಟ್ಟುಕೊಂಡರೆ ವರ್ಷಗಟ್ಟಲೆ ನಡೆದೀತು. ಮೂರನೆಯದು ಮದ್ರಾಸಿನಲ್ಲಿ ಆಪರೇಷನ್. ಫಸ್ಟ್ ಸ್ಟೇಜಿನಲ್ಲಿ ಕೆಳಹೊಟ್ಟೆಗೆ ತೂತು ಮಾಡಿ ನಳಿಕೆ ಇಡುತ್ತಾರೆ. ಮೈ ಸುಧಾರಿಸಿದ ಮೇಲೆ ಸೆಕೆಂಡ್ ಸ್ಟೇಜು, ಗಂಟು ತೆಗೆಯುವುದು. ಗೆದ್ದರೆ ಎಲ್ಲ ಕಾಟದಿಂದಲೂ ಬಿಡುಗಡೆ. ಅದರ ಕೆಳಗೆ ಒಂದು ಸಾಲು: ಈ ವಯಸ್ಸಿಗೆ ಇದು ಗ್ರೇವ್ ಸಂಗತಿ, ಇವರು ನನ್ನ ತಂದೆಯಾಗಿದ್ದರೆ ಮೊದಲು ನಳಿಕೆಯನ್ನೇ ಅಭ್ಯಾಸ ಮಾಡಿಸುತ್ತಿದ್ದೆ.

ಗ್ರೇವ್ ಎಂಬ ಪದ ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಗಂಭೀರ, ಗೋರಿ, ಅದರ ಎರಡು ಅರ್ಥವೂ ಗೊತ್ತಿತ್ತು.

ಆದರೆ ಕಷಾಯ ಕಾಯಿಸುವವಳು ಅವಳು. ನಳಿಕೆ ಕುದಿಸುವವಳೂ ಅವಳೇ ಆಗುತ್ತಿದ್ದಳು. ಮದ್ರಾಸೊಂದೇ ನನ್ನದು. ದೊಡ್ಡ ಆಸ್ಪತ್ರೆ, ಇಂಗ್ಲಿಷ್ ಡಾಕ್ಟರುಗಳು, ನಾನಿಲ್ಲದೆ ತಾತ ಅಲ್ಲಿ ಬಾಯಿ ತೆರೆಯುವುದುಂಟೇ? ನಾನು ಓದಿದೆ: "ಕಷಾಯ ದಂಡ. ನಳಿಕೆ ಹಾಕ್ಕೊಂಡ್ರೆ ಚಳಿಜ್ವರ ಬರ್ತದೆ. ಮದ್ರಾಸಿಗೋಗಿ ಆಪರೇಷನ್ ಮಾಡ್ಸಿದ್ರೆ ಪೂರ್ತಿ ವಾಸಿ, ಮೊದಲಿನಂಗೆ ಮಗ್ಗಕ್ಕೆ ಕೂರಬಹುದು." ಅಷ್ಟು ಹೇಳಿ ಕಾಗದ ಮಡಚಿದೆ.

ದೊಡ್ಡಪ್ಪನ ಮಗಳು ನಗುವುದನ್ನು ನಿಲ್ಲಿಸಿದ್ದಳು. "ಹೊಟ್ಟೆ ಕುಯ್ಯೋದು ಬೇಡ ತಾತಾ. ನಳಿಕೆ ನಾನು ಕುದಿಸ್ಕೊಡ್ತೀನಿ. ಜ್ವರ ಬರದಂಗೆ ನೋಡ್ಕೊಳ್ತೀನಿ."

"ನಿಂಗೇನು ಗೊತ್ತು? ನೀನು ಡಾಕ್ಟರಾ?" ಎಂದೆ.

ತಾತ ಮಗ್ಗದ ಕಡೆ ನೋಡುತ್ತ ಕೂತಿದ್ದರು. ಹಾಸುನೂಲಿನಲ್ಲಿ ಅರ್ಧ ನೇಯ್ದ ಸೀರೆ ಹಾಗೇ ಉಳಿದಿತ್ತು. "ಮಗ್ಗಕ್ಕೆ ಕೂರಬಹುದು ಅಂತ ಬರ್ದವ್ರಾ?"

"ಬರ್ದವ್ರೆ."

"ಹಂಗಾದ್ರೆ ಹೋಗೋಣ."

ನನ್ನ ಕಾನ್ವೆಂಟ್ ಪೆಟ್ಟಿಗೆಯಲ್ಲಿ ಒಳ್ಳೆಯ ಎರಡು ಫ್ರಾಕುಗಳನ್ನು ಮೇಲೆಯೇ ಇಟ್ಟುಕೊಂಡೆ. ಮರುವಾರ ಬಂದಾಗ ಅಪ್ಪ ಹೇಳಿದರು, ತಾತನ ಮತ್ತು ತಮ್ಮ ಜೊತೆ ಮದ್ರಾಸಿಗೆ ಹೋಗುವವಳು ದೊಡ್ಡಪ್ಪನ ಮಗಳು. ನಾನು ತಾತನ ಹತ್ತಿರ ಓಡಿದೆ. ಇಂಗ್ಲಿಷು? ಡಾಕ್ಟರು?

ತಾತನಿಗೆ ಆಶ್ಚರ್ಯ. "ಮದ್ರಾಸಿನಾಗೂ ತಮಿಳೇ ತಾನೇ? ಇಲ್ಲಾದ್ರೆ ಬೀದಿಗೆ ಹೆದರಬೇಕು. ಅಲ್ಲಿ ನಮ್ಮನ್ನ ಅರಿತೋರು ಯಾರವ್ರೆ? ಇವಳಿಗೆ ನನ್ನ ಹೊತ್ತೆಲ್ಲ ಗೊತ್ತು, ಇವಳೇ ಬರ್ಲಿ. ನೀನು ಓದ್ಕೊ."

ಫಸ್ಟ್ ಸ್ಟೇಜ್ ಚೆನ್ನಾಗಿ ಆಯಿತೆಂದು ಅಪ್ಪ ಕಾರ್ಡು ಬರೆದರು. ಸೆಕೆಂಡ್ ಸ್ಟೇಜ್ ಆದ ನಾಲ್ಕನೆಯ ದಿನ ತಾತ ಹೋದರು. ನಳಿಕೆಯೊಂದಿಗೆ ಇದ್ದಿದ್ದರೆ ಎಷ್ಟು ವರ್ಷ ಇರುತ್ತಿದ್ದರೋ ಯಾವ ಡಾಕ್ಟರೂ ಹೇಳಲಾರ. ಎಷ್ಟೋ ವರ್ಷದ ಮೇಲೆ, ನನ್ನ ಗಂಡನ ಕಾಯಿಲೆಯ ಕಾಲಕ್ಕೆ ಇನ್ನೊಬ್ಬ ಡಾಕ್ಟರನ್ನು ಕೇಳಿ ನೋಡಿದ್ದೇನೆ. ದೊಡ್ಡಪ್ಪನ ಮಗಳು ವಾಪಸು ಬಂದು, ಬಾಯಿಗೆ ಕೊನೆಯ ನೀರು ತಾನೇ ಬಿಟ್ಟೆ ಎಂದು ಅತ್ತಳು. ನಾನೂ ಅತ್ತೆ. ಅವಳು ಅಳುತ್ತಿದ್ದುದು ತಾತನಿಗಾಗಿ. ನನಗೆ ಆಗಲೂ ಅನ್ನಿಸಿದ್ದು, ಆ ನೀರೂ ಅವಳಿಗೇ ಸಿಕ್ಕಿತಲ್ಲ ಎಂದು.

ತಾತನನ್ನು ನಾನು ಕೊನೆಯ ಸಲ ಕಂಡದ್ದು ಕೊಯಮತ್ತೂರು ಸ್ಟೇಷನ್ನಿನಲ್ಲಿ. ಬೀಳ್ಕೊಡಲು ಮದರ್ ಒಂದು ಗಂಟೆ ಪರ್ಮಿಷನ್ ಕೊಟ್ಟಿದ್ದರು. ತಾತ ಕಿಟಕಿಯ ಪಕ್ಕ ಕೂತಿದ್ದರು, ಅವರ ಪಕ್ಕ ಅವಳು, ಮಡಿಲಲ್ಲಿ ಕಷಾಯದ ಚೊಂಬು; ಅಪ್ಪ ಒಳಗೆ ಸಾಮಾನು ಜೋಡಿಸುತ್ತಿದ್ದರು. ಮಗನ ಕೈಗೆ ಸಿಗದಿರಲೆಂದು ತಾತ ನನ್ನ ಬಳಿಯೇ ಬಿಟ್ಟಿದ್ದ ಡಾಕ್ಟರರ ಕಾಗದ ನನ್ನ ಪ್ರೇಯರ್ ಬುಕ್ಕಿನಲ್ಲೇ ಇತ್ತು. ತಾತ ಕಿಟಕಿಯ ಸರಳಿನ ನಡುವೆ ಕೈ ಹೊರಗೆ ಹಾಕಿ ನನ್ನ ಕೆನ್ನೆ ಮುಟ್ಟಿದರು.

"ಕಣ್ಣು, ಆ ಕಾಗಿತದಾಗೆ ಇನ್ನೇನಾರ ಐತಾ?"

ನನಗೇ ಅಂದದ್ದು. ಅವಳು ಕೂಡ ತಲೆಯೆತ್ತಿ ನೋಡಿದಳು. ಈಗ ಹೇಳಿದರೆ ಅವರು ರೈಲಿನಿಂದ ಇಳಿಯುತ್ತಾರೆ, ಮನೆಗೆ ಹೋಗುತ್ತಾರೆ, ನಳಿಕೆ ಕುದಿಸುವವಳು ಮತ್ತೆ ಕಣ್ಣಾಗುತ್ತಾಳೆ.

"ಇಲ್ಲ ತಾತಾ. ಅಷ್ಟೇ."

ರೈಲು ಅಲುಗಿತು. ಗಾಳಿಗೆ ಜಾರಿದ ಅವರ ಶಾಲನ್ನು ಅವಳು ಎಳೆದು ಕಿವಿ ಮುಚ್ಚುವ ಹಾಗೆ ಹೊದಿಸಿದಳು. ನಾನು ಆ ಕೈಯನ್ನೇ ನೋಡುತ್ತಿದ್ದೆ. ತಾತನ ಮುಖದ ಕಡೆ ತಿರುಗುವಷ್ಟರಲ್ಲಿ ಅವರ ಬೋಗಿ ಪ್ಲಾಟ್‌ಫಾರ್ಮ್ ದಾಟಿತ್ತು.