ಲಿಂಬೆ ಊರಿನ ಜಗಳ

ಕಳೆದ ಭಾನುವಾರ ಸ್ವಾನ್ ವ್ಯಾಲಿಯಲ್ಲಿ ನಮ್ಮ ಪರ್ತ್ ಕನ್ನಡಿಗರ ಪಿಕ್‌ನಿಕ್ ಇತ್ತು. ದ್ರಾಕ್ಷಿ ತೋಟದ ಪಕ್ಕ ಜಮಖಾನ ಹಾಸಿ ಬಿಸಿಬೇಳೆಬಾತ್ ತಿನ್ನುತ್ತಾ ಕೂತಿದ್ದೆವು. ಗಣಿ ಕಂಪನಿಯಲ್ಲಿ ಎಂಜಿನಿಯರ್ ಆಗಿರುವ ಸುರೇಶ್ ತಟ್ಟೆ ಹಿಡಿದುಕೊಂಡೇ ಭಾಷಣಕ್ಕೆ ನಿಂತರು. "ಪರ್ತು, ಬ್ರಿಸ್ಬೇನು, ಅಡಿಲೇಡು, ಮೂರೂ ಸಂಘ ಸೇರಿಸಿ ಒಂದು ಫೆಡರೇಶನ್ ಮಾಡ್ಬಿಡೋಣ. ಚಿಕ್ಕ ಸಂಘದವರ ಹಿತ ಕಾಪಾಡ್ತೀವಿ ಅಂತ ಬೈಲಾದಲ್ಲಿ ಒಂದು ಸಾಲು ಹಾಕಿದ್ರಾಯ್ತು, ಏನ್ ಮಹಾ!"

ಎಲ್ಲರೂ ತಲೆಯಾಡಿಸಿದರು. ನಾನು ಮಾತ್ರ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಖಾರ ಹೆಚ್ಚಾಯಿತೇನೋ ಎಂದು ಪಕ್ಕದವರು ನೀರು ಕೊಟ್ಟರು. ಖಾರವಲ್ಲ, ನರಹರಿ ಅಂಕಲ್ ನೆನಪಾಗಿದ್ದರು.

ಅವರನ್ನು ನಿಮಗೆ ಪರಿಚಯಿಸಬೇಕು. ಪರ್ತ್‌ಗೆ ಬರುವ ಮೊದಲು ನಾನು ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಪಕ್ಕದ ಮನೆಯಲ್ಲಿ ಮಗ ಸೊಸೆಯೊಂದಿಗೆ ಇದ್ದವರು ಅಂಕಲ್, ನಿವೃತ್ತ ಗಣಿತದ ಮೇಷ್ಟ್ರು. ನನ್ನ ಫಿಲ್ಟರ್ ಕಾಫಿಯ ವಾಸನೆ ಬೇಲಿ ದಾಟಿದರೆ ಸಾಕು, ಹಿಂದೆಯೇ ಅವರ ದನಿ ಈಚೆ ಬರುತ್ತಿತ್ತು: "ಏನಮ್ಮಾ, ಡಿಕಾಕ್ಷನ್ ಇಳೀತಾ?"

"ಯಾವೂರು ಅಂಕಲ್ ನಿಮ್ದು?" ಎಂದು ಮೊದಲ ದಿನ ಕೇಳಿದ್ದೆ. ಮೈಸೂರಿನ ಯಾವುದಾದರೂ ಬಡಾವಣೆಯ ಹೆಸರು ಬರುತ್ತದೆ ಎಂದುಕೊಂಡಿದ್ದೆ.

"ಲಿಂಬೆ," ಎಂದರು.

ಉಪ್ಪಿನಕಾಯಿ ಬೇಕೆನ್ನುತ್ತಿದ್ದಾರೆ ಎಂದು ತಿಳಿದು ನಾನು ಡಬ್ಬಿ ತರಲು ಎದ್ದಿದ್ದೆ. ಲಿಂಬೆ ಎಂಬುದು ಈಗಿನ ಮಲಾವಿ ದೇಶದ ಊರು, ಆಗ ಅದಕ್ಕೆ ನ್ಯಾಸಾಲ್ಯಾಂಡ್ ಎನ್ನುತ್ತಿದ್ದರು ಎಂದು ಅವರೇ ನಗುತ್ತಾ ಹೇಳಿದರು. ಅವರ ತಂದೆ ಮೈಸೂರಿನಿಂದ ಅಲ್ಲಿಯ ರೈಲ್ವೆ ಆಫೀಸಿಗೆ ಹೋದವರು. ನನಗಾದರೋ ಆಫ್ರಿಕಾ ಎಂದರೆ ಸಿಂಹ, ಜಿರಾಫೆ, ಕ್ರಿಕೆಟ್. ಅಷ್ಟರ ಮೇಲೆ ಏನೂ ಗೊತ್ತಿರಲಿಲ್ಲ.

ಅದೇ ಆಫೀಸಿಗೆ ಮುಂದೆ ನರಹರಿಯೂ ಗುಮಾಸ್ತರಾಗಿ ಸೇರಿದರು. ಪಕ್ಕದ ಮೇಜಿನಲ್ಲಿ ಅವರದೇ ವಯಸ್ಸಿನ, ಆ ನಾಡಿನವನೇ ಆದ ಚಿಕೊಂಡಿ. ಸಂಜೆ ಇಬ್ಬರೂ ಸುಟ್ಟ ಮುಸುಕಿನ ಜೋಳ ತಿನ್ನುತ್ತಾ ಮನೆಗೆ ನಡೆಯುತ್ತಿದ್ದರು. ಆಗ ಎದ್ದ ಸುದ್ದಿಯೇ ಒಕ್ಕೂಟದ್ದು, ಅದೂ ಒಂದು ಫೆಡರೇಶನ್ನೇ. ಪಕ್ಕದಲ್ಲೇ ಇದ್ದ ಉತ್ತರ, ದಕ್ಷಿಣ ರೊಡೇಶಿಯಾ ಎಂಬ ಎರಡು ಬ್ರಿಟಿಷ್ ಸೀಮೆಗಳನ್ನೂ ನ್ಯಾಸಾಲ್ಯಾಂಡನ್ನೂ ಸೇರಿಸಿ ಒಂದು ಮಾಡುವುದು, ಆಫ್ರಿಕನ್ನರ ಹಿತ ಕಾಯಲು ಅದರಲ್ಲೇ ಒಂದು ಏರ್ಪಾಡು ಇಡುವುದು ಎಂದು ಬ್ರಿಟಿಷರ ಯೋಚನೆ.

"ನಾನು ಅದರ ಪರ ಕಣಮ್ಮ," ಎನ್ನುತ್ತಿದ್ದರು ಅಂಕಲ್. "ಹೊಸ ರೈಲು ಬರುತ್ತೆ, ಕೆಲಸ ಬರುತ್ತೆ, ಹಿತ ಕಾಯ್ತೀವಿ ಅಂತ ಬರೆದೇ ಕೊಡ್ತಾರಲ್ಲ ಅಂತ ವಾದ ಮಾಡ್ತಿದ್ದೆ. ಅವನು ಒಂದೇ ಮಾತು ಕೇಳೋನು. 'ಕಾಯೋರು ಯಾರು? ಯಾರಿಂದ ನಮ್ಮನ್ನ ಕಾಯ್ಬೇಕೋ ಅವರೇ ತಾನೆ?'"

ಒಕ್ಕೂಟ ಆಗಿಯೇ ಹೋಯಿತು. ಅಧಿಕಾರವೆಲ್ಲ ರೊಡೇಶಿಯಾದ ಬಿಳಿಯರ ಕೈಗೆ ಸೇರಿತು. ಹಿತ ಕಾಯುವ ಏರ್ಪಾಡು ಕಾಗದದ ಮೇಲೆ ಉಳಿಯಿತು. ಚಿಕೊಂಡಿ ಕೆಲಸ ಬಿಟ್ಟು ಚಳವಳಿಗೆ ಇಳಿದ, ಜೈಲಿಗೆ ಹೋದ. ಅವನು ಒಳಗಿರುವಾಗಲೇ ನರಹರಿಯ ಮನೆಯವರು ಮೈಸೂರಿಗೆ ಮರಳಿದರು. ಇಬ್ಬರೂ ಕೊನೆಯದಾಗಿ ಆಡಿದ್ದು ಜಗಳದ ಮಾತೇ. ಈ ಕಥೆ ಹೇಳುವಾಗೆಲ್ಲ ಅಂಕಲ್ ಇಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ಕಾಫಿ ಆರುತ್ತಿತ್ತು.

ಒಂದು ದಿನ ಬ್ರಿಸ್ಬೇನಿನದೇ ಸೇಂಟ್ ಲೂಸಿಯಾ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ಅದೇ ಒಕ್ಕೂಟದ ಬಗ್ಗೆ ಉಪನ್ಯಾಸವಿದೆ ಎಂದು ತಿಳಿದು ಅವರನ್ನು ಕರೆದುಕೊಂಡು ಹೋದೆ. ಕೊನೆಯಲ್ಲಿ ಅಂಕಲ್ ಕೋಲೂರಿ ಎದ್ದರು. "ಲಿಂಬೆಯಲ್ಲಿ ಚಿಕೊಂಡಿ ಅಂತ ನನ್ನ ಗೆಳೆಯ ಒಂದು ಪ್ರಶ್ನೆ ಕೇಳಿದ್ದ. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?" ಎಂದು ಆ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಕೇಳಿದರು. ಉಪನ್ಯಾಸಕರು ಏನೋ ಹೇಳಿದರು. ನಾವು ಹೊರಗೆ ಬರುವಷ್ಟರಲ್ಲಿ ಒಬ್ಬ ಹುಡುಗಿ ಓಡಿ ಬಂದಳು. ಹೆಸರು ಗ್ರೇಸ್, ಅಲ್ಲಿಯ ವಿದ್ಯಾರ್ಥಿನಿ.

"ಅಂಕಲ್, ನನ್ನ ತಾತ ಲಿಂಬೆಯವರು. ರೈಲ್ವೆಯಲ್ಲಿದ್ದರು. ಈಗ ಅಡಿಲೇಡಿನಲ್ಲಿ ನಮ್ಮಮ್ಮನ ಜೊತೆ ಇದ್ದಾರೆ. ಅವರ ಹೆಸರು ಚಿಕೊಂಡಿ."

ಅಂಕಲ್ ಅಲ್ಲೇ ನಿಂತು ಅವಳಿಂದ ಅಡಿಲೇಡಿನ ವಿಳಾಸ ಬರೆಸಿಕೊಂಡರು.

ಅವರ ಮಗನಿಗೆ ರಜೆ ಸಿಗಲಿಲ್ಲ. ಅಡಿಲೇಡಿಗೆ ನಾನೇ ಜೊತೆಗೆ ಹೊರಟೆ. ವಿಮಾನದಲ್ಲಿ ಅವರು ದಾರಿಯುದ್ದಕ್ಕೂ ಬಾಯಲ್ಲೇ ಏನೋ ಮಣಮಣ ಅನ್ನುತ್ತಿದ್ದರು. ಮಂತ್ರವೇ ಎಂದು ಕೇಳಿದೆ. "ಅಲ್ಲಮ್ಮ, ತಪ್ಪಾಯ್ತು ಅಂತ ಹೇಗೆ ಹೇಳೋದು ಅಂತ ನೋಡ್ಕೋತಿದೀನಿ."

ಚಿಕೊಂಡಿ ಹಿತ್ತಿಲಿನ ಬಿಸಿಲಲ್ಲಿ ಗಾಲಿ ಕುರ್ಚಿಯಲ್ಲಿ ಕೂತಿದ್ದರು. ಅಂಕಲ್ ಹತ್ತಿರ ಹೋಗಿ, "ಮುಲಿ ಬ್ವಾಂಜಿ?" ಎಂದರು. ಹೇಗಿದ್ದೀರಿ ಎಂದರ್ಥವಂತೆ. ಆ ಹಿರಿಯರು ದನಿ ಬಂದ ಕಡೆ ತಿರುಗಿ ದಿಟ್ಟಿಸಿದರು. ಕಣ್ಣು ಮಂಜಾಗಿತ್ತೇನೋ, ಕೈ ಚಾಚಿ ಅಂಕಲ್ ಮುಖವನ್ನು ಮುಟ್ಟಿ ನೋಡಿದರು. ಆಮೇಲೆ ಇಬ್ಬರೂ ಅತ್ತರು. ಗ್ರೇಸಳ ತಾಯಿ, ನಾನು, ಎಲ್ಲಿ ನೋಡುವುದೆಂದು ತಿಳಿಯದೆ ಒಗೆದು ಹರವಿದ ಬಟ್ಟೆಗಳನ್ನು ನೋಡುತ್ತಾ ನಿಂತೆವು.

"ನೀನು ಹೇಳಿದ್ದೇ ಸರಿ, ಚಿಕೊಂಡಿ. ತಪ್ಪು ನನ್ನದು," ಎಂದರು ಅಂಕಲ್.

ಚಿಕೊಂಡಿಯವರಿಗೆ ಸಿಟ್ಟು ಬಂತು. ಅವರು ಇಂಗ್ಲಿಷಿನಲ್ಲಿ ಆಡಿದ್ದು ನನಗೆ ಇವತ್ತಿಗೂ ಕನ್ನಡದಲ್ಲೇ ನೆನಪಿದೆ. "ಒಕ್ಕೂಟ ಮುರಿದು ಬಿತ್ತು, ಸ್ವಾತಂತ್ರ್ಯ ಬಂತು. ಆಮೇಲೆ ನಮ್ಮೂರಲ್ಲಿ ಯಾರೂ 'ಇಲ್ಲ' ಅನ್ನುವ ಹಾಗಿರಲಿಲ್ಲ. ಮೇಲಿನವರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಿತ್ತು. ಆಗೆಲ್ಲ ನಿನ್ನನ್ನು ನೆನೆಸಿಕೊಳ್ಳುತ್ತಿದ್ದೆ, ನನ್ನ ಮುಖಕ್ಕೇ 'ಇಲ್ಲ' ಅನ್ನುತ್ತಿದ್ದವನು, ಆದರೂ ಅರ್ಧ ಜೋಳ ಮುರಿದು ಕೊಡುತ್ತಿದ್ದವನು. ಈಗ ನೀನೂ ಹೂಂ ಅನ್ನುವುದಕ್ಕೆ ಇಷ್ಟು ದೂರ ಬಂದೆಯಾ?"

ಅಂಕಲ್ ಕಣ್ಣೊರೆಸಿಕೊಂಡರು. ಆಮೇಲೆ ಅಲ್ಲಿದ್ದ ಕುರ್ಚಿಯೊಂದನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು. "ಹಾಗಾದರೆ ರೈಲಿನ ವಿಷಯದಲ್ಲಿ ನಾನು ಹೇಳಿದ್ದು ಸರಿಯಾಗೇ ಇತ್ತು," ಎಂದರು. ಬಿಸಿಲು ಇಳಿಯುವವರೆಗೂ ಜಗಳ ನಡೆಯಿತು. ಅಷ್ಟು ಸಂತೋಷವಾಗಿ ಜಗಳವಾಡಿದವರನ್ನು ನಾನು ಕಂಡಿಲ್ಲ.

ಆಮೇಲೆ ಪ್ರತಿ ಶನಿವಾರ ಫೋನಿನಲ್ಲಿ ಅದೇ ಜಗಳ. ಬೇಲಿಯಾಚೆ ಅಂಕಲ್ ದನಿ ಏರುವುದು ಕೇಳುತ್ತಿತ್ತು, ನಡುನಡುವೆ ನಗು. ಮರುವರ್ಷದ ಚಳಿಗಾಲದಲ್ಲಿ ಅಂಕಲ್ ನಿದ್ದೆಯಲ್ಲೇ ಹೋಗಿಬಿಟ್ಟರು. ನಾನು ಪರ್ತ್‌ಗೆ ಬಂದೆ. ಅಡಿಲೇಡಿಗೆ ಫೋನ್ ಮಾಡಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಏನೆಂದು ಮಾತಾಡಲಿ ಎಂಬ ಸಂಕೋಚ.

ಪಿಕ್‌ನಿಕ್ ಮುಗಿಸಿ ಮನೆಗೆ ಬಂದವಳೇ ಆ ಭಾನುವಾರ ಫೋನ್ ಮಾಡಿಬಿಟ್ಟೆ. ಓದು ಮುಗಿಸಿ ಅಲ್ಲಿಗೇ ಮರಳಿದ್ದ ಗ್ರೇಸ್ ಎತ್ತಿಕೊಂಡು ತಾತನ ಕೈಗೆ ಕೊಟ್ಟಳು. ದನಿ ಸೊರಗಿತ್ತು.

"ನರಹರಿಯ ಜೊತೆ ಬಂದಿದ್ದ ಹುಡುಗಿಯಾ? ಸರಿ, ಹೇಳು, ನೀನು ಯಾರ ಕಡೆ?"

ನಾನು ಪೂರ್ತಿ ನಿಮ್ಮ ಕಡೆ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

"ರೈಲಿನ ವಿಷಯದಲ್ಲಿ ಅಂಕಲ್ ಕಡೆ," ಎಂದೆ.

ಆ ಕಡೆ ಅವರು ಗಂಟಲು ಸರಿಮಾಡಿಕೊಂಡರು.

"ಹಾಗಾದರೆ ಕೂತುಕೋ," ಎಂದರು.