ಆರು ತಿಂಗಳು ತಡೀರಿ

ಇವತ್ತು ಬೆಳಿಗ್ಗೆ ಸಹಕಾರನಗರದ ನಮ್ಮ ಮನೆಯ ಗೇಟಿಗೆ ಹಚ್ಚಲು ಪೇಂಟರ್ ಕೆಂಪು ಬಣ್ಣ ಕಲಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ಆರ್.ಟಿ. ನಗರದ ಶಮೀಮಾ ಬಾನು ಅವರ ಗೋಡೆ ನೆನಪಾಯಿತು. ಬಹಳ ವರ್ಷಗಳ ಹಿಂದೆ ಆ ಗೋಡೆಯ ಮೇಲೆ ಕೆಂಪು ಗೆರೆ ಎಳೆಸಿದವನು ನಾನೇ.

ಆಗ ನಾನು ಸರ್ಕಾರಿ ಸರ್ವೇಯರ್. ರಸ್ತೆ ಅಗಲ ಮಾಡುವುದಕ್ಕೆ ಯಾವ ಮನೆ ಎಷ್ಟು ಹೋಗುತ್ತದೆಂದು ಅಳೆದು ಗುರುತು ಹಾಕುವುದು ನನ್ನ ಕೆಲಸ. ಕೈಯಲ್ಲಿ ಟೇಪು, ಕಂಕುಳಲ್ಲಿ ನಕ್ಷೆ ಇದ್ದರೆ ಮನುಷ್ಯನಿಗೆ ಎಂಥ ಗತ್ತು ಬರುತ್ತದೆ ಗೊತ್ತೇ? ಬೀದಿಯವರೆಲ್ಲ ಎದ್ದು ನಿಲ್ಲುತ್ತಿದ್ದರು. ಯೋಜನೆ ಮಾಡಿದವನು ನಾನೇ ಎಂದು ನನಗೂ ಅನ್ನಿಸಿಬಿಡುತ್ತಿತ್ತು.

ಆ ಗೆರೆ ಎಳೆಸಿದ ದಿನ, ಸೀರೆಗೆ ಫಾಲ್ ಹಾಕುತ್ತಿದ್ದ ಶಮೀಮಾ ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದರು. "ಸಾರ್, ಮೇಲೆ ಒಂದು ರೂಮ್ ಕಟ್ಬೇಕು ಅಂತಿದ್ದೆ. ಮಾಕಳಿಲಿ ನನ್ ತಂಗಿ ರಜಿಯಾ ಒಬ್ಳೇ ಇದಾಳೆ, ಕರ್ಕೊಂಡ್ ಬರೋಣ ಅಂತ. ಕಟ್ಬೋದಾ?"

"ಆರು ತಿಂಗಳು ತಡೀರಿ ಅಮ್ಮ, ಎಲ್ಲ ಗೊತ್ತಾಗುತ್ತೆ" ಎಂದೆ.

"ಅಂದ್ರೆ ರಂಜಾನ್ ಆದ್ಮೇಲೆ" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು.

ಆರು ತಿಂಗಳೆಂದು ನನಗೆ ಯಾರೂ ಹೇಳಿರಲಿಲ್ಲ. ಗೊತ್ತಿಲ್ಲ ಎನ್ನಲು ಮುಜುಗರವಾಗಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದೆ.

ಅಲ್ಲೇ ಹತ್ತಿರದ ಹೆಬ್ಬಾಳದ ಕಡೆ ದಿನವೂ ಓಡಾಡುವವರಾದರೆ ಮುಂದಿನದನ್ನು ನಿಮಗೆ ಹೇಳಬೇಕಿಲ್ಲ. ರಸ್ತೆ ಅಗಲ ಮಾಡುವ ಮಾತು ಹೋಗಿ ಮೇಲ್ಸೇತುವೆಯ ಮಾತು ಬಂತು, ಅದೂ ಹೋಗಿ ಸುರಂಗ ಎಂದರು. ಸರ್ಕಾರ ಬದಲಾದಾಗಲೆಲ್ಲ ಹೊಸ ನಕ್ಷೆ. ಹಳೆಯದನ್ನು ಕೈಬಿಟ್ಟಿದ್ದೇವೆ ಎಂಬ ಒಂದು ಕಾಗದಕ್ಕೆ ಮಾತ್ರ ಯಾರೂ ಸಹಿ ಮಾಡಲಿಲ್ಲ. ನಾನೂ ಫೈಲನ್ನು ಮೇಲಕ್ಕೆ ಕಳಿಸಿ, ಅದು ವಾಪಸ್ ಬರುವುದನ್ನು ನೋಡಿ ನೋಡಿ, ಹಾಗೆಯೇ ನಿವೃತ್ತನಾದೆ.

ಇವತ್ತು ತಿಂಡಿ ಮುಗಿಸಿ ಆರ್.ಟಿ. ನಗರದ ಬಸ್ ಹತ್ತಿದೆ. ಶಮೀಮಾ ಅವರ ಮನೆಗೆ ಈಚೆಗೆ ಸುಣ್ಣ ಬಳಿದಿದ್ದರು, ಆದರೆ ನನ್ನ ಗೆರೆಯನ್ನು ಬಿಟ್ಟು ಬಳಿದಿದ್ದರು. ಅಳಿಸಿದರೆ ತಪ್ಪಾದೀತೆಂಬ ಭಯ. ತಾರಸಿಯ ಮೇಲೆ ಬಟ್ಟೆ ಒಣಗುತ್ತಿತ್ತು, ರೂಮಿರಲಿಲ್ಲ. ಅವರು ಗುರುತು ಹಿಡಿದು, ಕೂರಿಸಿ, ಟೀ ಕೊಟ್ಟರು.

"ನಿಮ್ಮ ತಂಗಿ?" ಎಂದೆ.

"ಮಾಕಳಿಲೇ ಇದಾಳೆ ಸಾರ್. ಈಗ ಮಂಡಿ ನೋವು. ರೂಮ್ ಕಟ್ಟಿದ್ರೂ ಮೆಟ್ಲು ಹತ್ತೋಕಾಗಲ್ಲ." ಆಮೇಲೆ ಕೇಳಿದರು, "ಸುರಂಗ ನಮ್ ಮನೆ ಕೆಳಗೇ ಹೋಗುತ್ತಂತೆ, ನಿಜಾನಾ?"

ನಾಲಿಗೆಯ ತುದಿಗೆ ಮತ್ತೊಂದು ಸಮಾಧಾನದ ಮಾತು ಬಂದಿತ್ತು. "ನನಗೆ ಗೊತ್ತಿಲ್ಲ ಅಮ್ಮ" ಎಂದೆ. "ಆವತ್ತೂ ಗೊತ್ತಿರಲಿಲ್ಲ."

ಅವರು ಖಾಲಿ ಲೋಟ ಎತ್ತಿಕೊಂಡರು. "ಅದನ್ನೇ ಆವತ್ತು ಹೇಳಿದ್ದಿದ್ರೆ ನಾನು ಕಟ್ಕೊಂಡ್ಬಿಡ್ತಿದ್ದೆ ಸಾರ್."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎದ್ದು ಬಂದುಬಿಡುತ್ತಿದ್ದೆನೇನೋ. ಅವರು ಹೊಲಿಯಲು ಕೂತ ಮೇಲೂ ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ.