ಇಲ್ಲದ ಹಸುವಿನ ಒದೆ

ಹೋದ ಮಂಗಳವಾರ ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ನಿಂತು, ನಾನು ಸುಳ್ಳು ಹೇಳಿದ್ದೆ ಎಂದು ಪ್ರಮಾಣ ಮಾಡಿ ಹೇಳಿ ಬಂದೆ.

ಗಾಬರಿಯಾಗಬೇಡಿ, ಇದನ್ನು ಜೈಲಿನಿಂದ ಬರೆಯುತ್ತಿಲ್ಲ. (ಮನೆ ಬಿಡುವ ಮುನ್ನ ಯಾವುದಕ್ಕೂ ಇರಲಿ ಎಂದು ಎರಡು ಜೊತೆ ಬಟ್ಟೆ ಬ್ಯಾಗಿಗೆ ಹಾಕಿಕೊಂಡಿದ್ದೆ. ಹೆಂಡತಿ ಅದನ್ನು ತೆಗೆದು ಚಿತ್ರಾನ್ನದ ಡಬ್ಬಿ ಇಟ್ಟಳು.)

ನನ್ನ ಅಕ್ಕ ಜಯಮ್ಮ ಕಿರಂಗೂರಿನಲ್ಲಿ ಟೈಲರ್. ಬ್ಲೌಸು, ಸ್ಕೂಲ್ ಯೂನಿಫಾರಂ ಹೊಲಿಯುತ್ತಾಳೆ. ಕಾಲಲ್ಲಿ ತುಳಿಯುವ ಹಳೇ ಮಶೀನು. ಎರಡು ವರ್ಷದ ಹಿಂದೆ ಒಂದು ಭಾನುವಾರ ಅವಳ ಮನೆಯಲ್ಲಿ ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಬಿ.ಪಿ. ಮಾತ್ರೆ ಮರೆತು ಬಂದಿದ್ದೆ. ಅಕ್ಕ ಹಿಂದೆಯೇ ತಂದಳು, ಕೊಟ್ಟಳು, ಬೈದಳು, ರಸ್ತೆಯ ಅಂಚಿನಲ್ಲಿ ವಾಪಸ್ ಹೊರಟಳು. ಹತ್ತು ಹೆಜ್ಜೆ ಹೋಗಿರಲಿಲ್ಲ. ಹಿಂದಿನಿಂದ ಹಾಲಿನ ಕ್ಯಾನು ಕಟ್ಟಿದ ಬೈಕೊಂದು ಬಂದು ಗುದ್ದಿತು. ಬಲಗಾಲು, ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದವು.

ಬೈಕಿನಲ್ಲಿದ್ದವನು ಪುಟ್ಟರಾಜು. ಅಕ್ಕನ ಮನೆಯಿಂದ ನಾಲ್ಕನೇ ಮನೆಯವನು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವನೇ ಆಟೋ ಹಿಡಿದು ತಂದ. ಅವನೇ ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದಂತೆ ಕೂತ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು.

"ಸ್ಟೇಷನ್ನು ಗೀಷನ್ನು ಬ್ಯಾಡ ಕಣಣ್ಣ. ಕರ್ಚೆಲ್ಲಾ ನಾನ್ ನೋಡ್ಕತೀನಿ."

ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರು ಪೆನ್ನು ತೆಗೆದು, ಹೇಗಾಯಿತು ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿಯಾಗಿತ್ತು: "ಹಸು ಒದ್ದುಬಿಡ್ತು ಸಾರ್."

ಯಾಕೆ ಹಸು? ಬಚ್ಚಲಲ್ಲಿ ಜಾರಿದಳು ಎನ್ನಬಹುದಿತ್ತು. ಆದರೆ ಅಕ್ಕನ ಸೀರೆಯ ಮೇಲೆಲ್ಲ ಹಾಲು ಚೆಲ್ಲಿತ್ತು. ಸದಾ ಚಿಂತಿಸುವವರ ಕಷ್ಟ ಇದೇ ನೋಡಿ, ಸುಳ್ಳಿಗೂ ಸಾಕ್ಷ್ಯ ಹೊಂದಿಸಿಟ್ಟುಕೊಳ್ಳುತ್ತೇವೆ. ರಸ್ತೆ ಅಪಘಾತ ಎಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಪೊಲೀಸರು ಪುಟ್ಟರಾಜುವನ್ನು ಕರೆಸುತ್ತಾರೆ. ಅವನ ಮನೆಯವರು ಅಕ್ಕನ ಜೊತೆ ಮಾತು ಬಿಡುತ್ತಾರೆ. ನನ್ನನ್ನು ಸಾಕ್ಷಿ ಮಾಡುತ್ತಾರೆ. ಸಮನ್ಸ್ ಬರುತ್ತದೆ. ಇಷ್ಟನ್ನೂ ಆಟೋದಲ್ಲೇ ಯೋಚಿಸಿ ಮುಗಿಸಿದ್ದೆ. ಡಾಕ್ಟರು ಹಸುವನ್ನು ಒಂದು ಸಾಲಿನಲ್ಲಿ ಬರೆದುಕೊಂಡರು. ಕರೆತಂದವರು ಎಂಬಲ್ಲಿ ನನ್ನ ಹೆಸರು, ನನ್ನ ಸಹಿ.

ಆಸ್ಪತ್ರೆಯ ಬೆಂಚಿನ ಮೇಲೆ ನಾನೂ ಪುಟ್ಟರಾಜುವೂ ಮೂರು ಗಂಟೆ ಕೂತಿದ್ದೆವು. ರಾಡ್ ಹಾಕಿಸುವುದೋ, ನಾಟಿ ಪಟ್ಟು ಕಟ್ಟಿಸುವುದೋ ಎಂದು ಚರ್ಚಿಸಿದೆವು. ಡಾಕ್ಟರು ಯಾವ ಊರಿನವರು ಎಂಬುದನ್ನೂ ಪತ್ತೆ ಹಚ್ಚಿದೆವು. (ನಾಗಮಂಗಲ ಕಡೆಯವರು.) ಬೈಕಿಗೆ ಇನ್ಶೂರೆನ್ಸ್ ಇದೆಯಾ ಎಂದು ಮಾತ್ರ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಇತ್ತು. ಚಾಲ್ತಿಯಲ್ಲಿತ್ತು. ಡಿ.ಎಲ್. ಕೂಡ ಸರಿಯಿತ್ತು. ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಏಟಾದರೆ ಪರಿಹಾರ ಕೊಡಲೆಂದೇ ಇರುವ ಇನ್ಶೂರೆನ್ಸ್ ಅದು. ಪುಟ್ಟರಾಜುವಿನ ಪಾಲಿಗೆ ಅದು ಪೊಲೀಸರು ಅಡ್ಡ ಹಾಕಿದಾಗ ತೋರಿಸುವ ಕಾಗದ, ಅಷ್ಟೇ. ನಗಬೇಡಿ. ನಿಮ್ಮ ಡಿಕ್ಕಿಯಲ್ಲಿ ಮಡಚಿಟ್ಟಿರುವ ಪಾಲಿಸಿಯನ್ನು ನೀವು ಕೊನೆಯ ಸಲ ಓದಿದ್ದು ಯಾವಾಗ?

ಪುಟ್ಟರಾಜು ಮಾತಿಗೆ ತಪ್ಪಲಿಲ್ಲ, ಆಸ್ಪತ್ರೆಯ ಬಿಲ್ಲು ಕಟ್ಟಿದ. ತಪ್ಪಿದ್ದು ಅಕ್ಕನ ಮೂಳೆ. ಮೂರು ತಿಂಗಳಾದರೂ ನೆಟ್ಟಗೆ ಕೂಡಲಿಲ್ಲ. ಇನ್ನೊಂದು ಆಪರೇಷನ್ ಆಗಬೇಕು, ಆದರೂ ಗಂಟೆಗಟ್ಟಲೆ ಮಶೀನು ತುಳಿಯುವುದು ಅನುಮಾನ ಎಂದರು ಡಾಕ್ಟರು. ಮೋಟಾರು ಹಾಕಿಸಿಕೊಟ್ಟೆ. ಅದರ ಪೆಡಲಿಗೂ ಬಲಗಾಲೇ ಬೇಕು. ಎಡಗಾಲಲ್ಲಿ ಒತ್ತಿ ನೋಡಿದಳು, ಹೊಲಿಗೆ ಸೊಟ್ಟಗಾಯಿತು. ಆ ಜೂನ್‌ನಲ್ಲಿ ಯೂನಿಫಾರಂ ಬಟ್ಟೆಯ ಗಂಟುಗಳೆಲ್ಲ ಬಂದ ಹಾಗೇ ವಾಪಸ್ ಹೋದವು. ಮೂವತ್ತು ವರ್ಷ ತನ್ನ ಅನ್ನ ತಾನೇ ದುಡಿದುಕೊಂಡವಳು ಬಾಗಿಲಲ್ಲಿ ಕೂತು ಅವು ಹೋಗುವುದನ್ನು ನೋಡುತ್ತಿದ್ದಳು.

ಆಗ ಹೋದೆವು ವಕೀಲರ ಹತ್ತಿರ. ಅವರು ಕಾಗದಗಳನ್ನೆಲ್ಲ ಓದಿ, ದುಡಿಮೆ ಹೋದದ್ದಕ್ಕೂ ಸೇರಿಸಿ ಬೈಕಿನ ಇನ್ಶೂರೆನ್ಸ್ ಕಂಪನಿಯಿಂದ ಪರಿಹಾರ ಕೇಳಬಹುದು, ಆದರೆ ಪೊಲೀಸ್ ಕಂಪ್ಲೇಂಟ್ ಆಗಬೇಕು ಎಂದರು. ಮೂರು ತಿಂಗಳು ತಡವಾಗಿದೆಯಲ್ಲ ಎಂದೆ.

"ತಡಕ್ಕೆ ಏನೋ ಒಂದು ಕಾರಣ ಕೊಡಬಹುದು ಸಾರ್. ಈ ಹಸುವಿಗೆ ಏನು ಕಾರಣ ಕೊಡೋಣ?"

ಆಸ್ಪತ್ರೆಯಲ್ಲಿ ಮೊದಲು ಬರೆದ ಸಾಲಿಗೆ ಬಹಳ ತೂಕವಂತೆ. ಲಾಭ ನಷ್ಟದ ಯೋಚನೆ ಹುಟ್ಟುವ ಮೊದಲು ಆಡಿದ ಮಾತು ಎಂಬ ನಂಬಿಕೆ. ಆಮೇಲೆ ನಾವು ಹೇಳಿದ್ದೆಲ್ಲ ದುಡ್ಡಿಗಾಗಿ ಕಟ್ಟಿದ ಕತೆ ಎನ್ನುವುದು ಎದುರಿನವರಿಗೆ ಸುಲಭ. ನನ್ನಂಥವರು ಒಳ್ಳೆಯತನದಲ್ಲಿ ಜಾರಿದ್ದು, ಬಿದ್ದದ್ದು, ಒದೆಸಿಕೊಂಡದ್ದು ಎಂದು ಬರೆಸುತ್ತಲೇ ಇರುತ್ತೇವಂತೆ. ಇದು ಈ ತಿಂಗಳ ಎರಡನೇ ಹಸು ಎಂದರು.

ಕಂಪ್ಲೇಂಟ್ ಕೊಡುವ ಮೊದಲು ಪುಟ್ಟರಾಜುವಿಗೆ ಹೇಳಬೇಕಿತ್ತು. ಅಕ್ಕನ ಮನೆಯಲ್ಲೇ ಉಳಿದು ಎಂಟು ದಿನ ನಾನು ಅವನ ಮನೆ ಮುಂದೆ ಬರೀ ಹಾದುಹೋದೆ. ಒಂಬತ್ತನೇ ದಿನ ಅಕ್ಕನೇ ಕುಂಟಿಕೊಂಡು ಹೋಗಿ ಹೇಳಿದಳು. ಅವನು ಕ್ಯಾನು ತೊಳೆದಿಟ್ಟು ಅಂಗಿ ಹಾಕಿಕೊಂಡು ನಮ್ಮ ಜೊತೆ ಸ್ಟೇಷನ್ನಿಗೇ ಬಂದ. ಗುದ್ದಿದ್ದು ನಾನೇ ಎಂದ. ಮುಂದೆ ತಪ್ಪೊಪ್ಪಿಕೊಂಡು ದಂಡವನ್ನೂ ಕಟ್ಟಿದ. ನಾಲ್ಕನೇ ಮನೆಯವರು ಮಾತು ಬಿಡಲಿಲ್ಲ. ನನ್ನ ಒಂದು ಚಿಂತೆಯಾದರೂ ಸುಳ್ಳಾಯಿತು.

ಕ್ಲೇಮ್ ಹಾಕಿದ ಮೇಲೆ ಕಂಪನಿಯ ಪರವಾಗಿ ವಿಚಾರಿಸುವವರೊಬ್ಬರು ಅಕ್ಕನ ಮನೆಗೆ ಬಂದರು. ಬಹಳ ಮರ್ಯಾದಸ್ಥರು. ಕಾಫಿ ಕುಡಿದು, ಫೈಲು ತೆರೆದು, ಹಸುವನ್ನು ಒಮ್ಮೆ ನೋಡಬಹುದೇ ಎಂದು ಕೇಳಿದರು.

"ಅಸೀನ ಮಾರಿ ಮೂರು ವರ್ಸ ಆಯ್ತು ಕಣಪ್ಪ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ಗದ್ದ ತೋರಿಸಿ, "ಒದ್ದ ಅಸ ಇಲ್ಲೇ ಕುಂತದೆ ನೋಡು. ಪಟ ತಕ್ಕೊಂಡೋಗು."

ಅವರು ಪಟ ತೆಗೆಯಲಿಲ್ಲ. ಏನೋ ಬರೆದುಕೊಂಡರು. ಏನು ಬರೆದುಕೊಂಡರೋ ಎಂದು ನಾನು ಒಂದು ವಾರ ನಿದ್ದೆ ಮಾಡಲಿಲ್ಲ.

ಹೀಗೆ ಹೋದ ಮಂಗಳವಾರ ಬಂತು. ಕಂಪನಿಯ ವಕೀಲರು ಗದರಿಸುತ್ತಾರೆ ಎಂದುಕೊಂಡಿದ್ದೆ. ಅವರು ಮದುವೆ ಮನೆಯಲ್ಲಿ ಕುಶಲ ವಿಚಾರಿಸುವವರ ಹಾಗೆ ಕೇಳಿದರು. ಡಾಕ್ಟರಿಗೆ ಹೇಳಿದ್ದು ಸುಳ್ಳೇ? ಹೌದು ಎಂದೆ. ಈಗ ಹೇಳುತ್ತಿರುವುದು? ನಿಜ ಎಂದೆ. ಎರಡನ್ನೂ ಹೇಳಿದವರು ನೀವೇ ಅಲ್ಲವೇ? ಅದಕ್ಕೂ ಹೌದು ಎನ್ನಲೇಬೇಕಿತ್ತು. ಗಾಯಾಳುವಿಗೆ ಆಗ ಪ್ರಜ್ಞೆ ಇತ್ತೇ? ಇತ್ತು, ಚೆನ್ನಾಗಿಯೇ ಇತ್ತು ಎಂದೆ. ಅಷ್ಟೇ ಎಂದು ಅವರು ಕೂತರು.

ತೀರ್ಪು ಇನ್ನೂ ಬಂದಿಲ್ಲ. ಪುಟ್ಟರಾಜು ತಪ್ಪೊಪ್ಪಿಕೊಂಡದ್ದು ನಮ್ಮ ಕಡೆಗಿದೆ, ಆ ಒಂದು ಸಾಲು ಅವರ ಕಡೆಗಿದೆ ಎಂದರು ನಮ್ಮ ವಕೀಲರು. ಸಿಕ್ಕರೂ ಎಷ್ಟು ಸಿಗುತ್ತದೋ ಹೇಳಲಾಗದು. ಆದ್ದರಿಂದ ಓದುಗರೇ, ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಸಿ ಎಂದು ಬುದ್ಧಿ ಹೇಳಿ ಇಲ್ಲಿಗೆ ಮುಗಿಸಬಹುದಿತ್ತು.

ಆದರೆ ವಾಪಸ್ ಬರುವಾಗ ಆಟೋದಲ್ಲಿ ಅಕ್ಕ ಕೋಲನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದಳು. ಕಿರಂಗೂರು ಹತ್ತಿರ ಬಂದಾಗ, ಸಿಟ್ಟೇನೂ ಇಲ್ಲದೆ ಕೇಳಿದಳು:

"ನಂಗೆ ಎಚ್ರ ಇತ್ತು ಅಂತ ನೀನೇ ಏಳ್ದಲ್ಲ. ಮತ್ತೆ ಆವತ್ತು ಡಾಕ್ಟ್ರು ಕೇಳ್ದಾಗ, ನನ್ನ ಯಾಕ್ಲಾ ಮಾತಾಡೋಕೆ ಬುಡ್ನಿಲ್ಲ?"